ಕೆಂಪು ಕೋಟಿನ ಆಯ್ದ ಪಡೆಗಳು, ಮೇಜಿನ ಮೇಲಿನ ಸಿಪಾಯಿ ಬೊಂಬೆಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಮಸ್ಕೆಟ್ ಎಂಬ ಹಳೆಯ ಬಂದೂಕಿನ ಕಾಲದ ಬ್ರಿಟಿಷ್ ಕಾಲಾಳುಗಳ ಬೊಂಬೆಗೆ ಬಣ್ಣ ಹಚ್ಚಿ, ಮೇಜಿನ ಮೇಲೆ ನಿಲ್ಲಿಸಿ ವಾರ್‌ಗೇಮ್, ಅಂದರೆ ಯುದ್ಧದ ಆಟ, ಆಡಲು ಹೊರಟವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಇಲ್ಲಿವೆ. ಕೆಲವಕ್ಕೆ ಎರಡೇ ಸಾಲು ಸಾಕು. ಕೆಲವಕ್ಕೆ ಶ್ರೀರಂಗಪಟ್ಟಣದ ಕೋಟೆಗೋಡೆಯವರೆಗೂ ಹೋಗಿ ಬರಬೇಕು. 1815ರಲ್ಲಿ ನೆಪೋಲಿಯನ್ ಸೋತ ವಾಟರ್‌ಲೂ ಕದನದ ಬೊಂಬೆ ಪೆಟ್ಟಿಗೆಗಳು ಎಲ್ಲ ಕಡೆ ಸಿಗುತ್ತವೆ, ಆದರೆ ಅದೇ ಸೈನ್ಯದ ಆಯ್ದ ಪಡೆಗಳು ನಮ್ಮ ಕಾವೇರಿಯ ಬಂಡೆಗಳ ಮೇಲೆ ಓಡಿ ಬಂದದ್ದು ಹೆಚ್ಚಿನವರಿಗೆ ಗೊತ್ತಿಲ್ಲ.

"ಆಯ್ದ ಪಡೆ" ಅಂದರೆ ಯಾರ್ಯಾರು?

ನಾಲ್ಕು ಬಗೆಯವರು. ಮೊದಲನೆಯವರು ರಾಜನ ಕಾವಲಿನ ಫುಟ್ ಗಾರ್ಡ್ಸ್. ಫಸ್ಟ್ ಗಾರ್ಡ್ಸ್, ಕೋಲ್ಡ್‌ಸ್ಟ್ರೀಮ್, ಥರ್ಡ್ ಗಾರ್ಡ್ಸ್ ಎಂದು ಅವರಲ್ಲಿ ಮೂರು ರೆಜಿಮೆಂಟುಗಳು. ಎರಡನೆಯವರು ಪ್ರತಿ ಸಾಮಾನ್ಯ ಪಟಾಲಮಿನೊಳಗೇ (ಪಟಾಲಮ್ ಎಂದರೆ ಬೆಟಾಲಿಯನ್, ರೆಜಿಮೆಂಟಿನ ಭಾಗ) ಇದ್ದ ಎರಡು ವಿಶೇಷ ಕಂಪನಿಗಳು. ಪಟಾಲಮಿಗೆ ಹತ್ತು ಕಂಪನಿ. ಬಲ ತುದಿಯಲ್ಲಿ ಗ್ರೆನೇಡಿಯರ್ ಕಂಪನಿ, ಎಡ ತುದಿಯಲ್ಲಿ ಚದುರಿ ಮರೆಯಲ್ಲಿ ಹೋರಾಡುವ ಲೈಟ್ ಕಂಪನಿ, ನಡುವೆ ಎಂಟು ಸಾಮಾನ್ಯ ಕಂಪನಿಗಳು. ತುದಿಗಳಲ್ಲಿ ನಿಲ್ಲುತ್ತಿದ್ದುದರಿಂದ ಇವಕ್ಕೆ ಫ್ಲ್ಯಾಂಕ್ ಕಂಪನಿ ಎಂದು ಹೆಸರು. (ಇಲ್ಲಿ ಕಂಪನಿ ಎಂದರೆ ಸೈನಿಕರ ತುಕಡಿ, ಈಸ್ಟ್ ಇಂಡಿಯಾ ಕಂಪನಿ ಅಲ್ಲ. ಎರಡೂ ಒಂದೇ ವಾಕ್ಯದಲ್ಲಿ ಬಂದಾಗ ಓದುವವರು ಎಡವುತ್ತಾರೆ.) ಮೂರನೆಯವರು ಇಡೀ ಪಟಾಲಮ್ಮೇ ಲೈಟ್ ಇನ್‌ಫೆಂಟ್ರಿಯಾಗಿ ಪಳಗಿದ 43ನೇ, 52ನೇ ರೆಜಿಮೆಂಟಿನಂಥವರು. ನಾಲ್ಕನೆಯವರು ಹಸಿರು ಕೋಟಿನ ರೈಫಲ್‌ಧಾರಿಗಳು.

ಇವರಲ್ಲಿ ಫ್ಲ್ಯಾಂಕ್ ಕಂಪನಿಗಳ ವಿಷಯ ನನಗೆ ಎಲ್ಲಕ್ಕಿಂತ ಹತ್ತಿರ. ಗಾರ್ಡ್ಸ್‌ಗೆ ಅರಮನೆಯಿತ್ತು, ರೈಫಲ್‌ನವರಿಗೆ ಹೊಸ ಆಯುಧವಿತ್ತು. ಫ್ಲ್ಯಾಂಕ್ ಕಂಪನಿಯವನಿಗೆ ಸಿಗುತ್ತಿದ್ದುದು ಭುಜದ ಮೇಲೆ ರೆಕ್ಕೆ ಎಂದು ಕರೆಯುವ ಒಂದು ಜೋಡಿ ಬಟ್ಟೆಯ ಅಲಂಕಾರ, ಟೋಪಿಯಲ್ಲಿ ಬೇರೆ ಬಣ್ಣದ ತುರಾಯಿ, ಮತ್ತು ಕೋಟೆಗೆ ಲಗ್ಗೆ ಹತ್ತುವ ದಿನ ಮೊದಲ ಸಾಲಿನಲ್ಲಿ ಜಾಗ.

ಗ್ರೆನೇಡಿಯರ್‌ಗಳು ಗ್ರೆನೇಡ್ ಎಸೆಯುತ್ತಿದ್ದರೇ?

ಮೊದಮೊದಲು ಹೌದು. 18ನೇ ಶತಮಾನ ಮುಂದುವರಿದಂತೆ ಆ ಕೆಲಸ ಹೋಗಿ ಹೆಸರು ಉಳಿಯಿತು. ಆಮೇಲೆ ಗ್ರೆನೇಡಿಯರ್ ಎಂದರೆ ಪಟಾಲಮಿನ ಎತ್ತರದ, ಗಟ್ಟಿಮುಟ್ಟಾದ, ಅನುಭವಿ ಆಳು. ಬೊಂಬೆಯ ಕೈಯಲ್ಲಿ ಬತ್ತಿ ಉರಿಯುವ ಗ್ರೆನೇಡ್ ಇದ್ದರೆ ಅದು ನಮಗೆ ಬೇಕಾದ ಕಾಲದ್ದಲ್ಲ.

ವಾಟರ್‌ಲೂ ಗಾರ್ಡ್ಸ್‌ಗೆ ಕರಡಿ ತುಪ್ಪಳದ ಟೋಪಿ ಹಾಕಬಹುದೇ?

ಬೇಡ. ಈ ತಪ್ಪನ್ನು ತೀರ ಅನುಭವಿಗಳೂ ಮಾಡುತ್ತಾರೆ, ಏಕೆಂದರೆ ಲಂಡನ್ನಿನ ಅರಮನೆ ಮುಂದೆ ಇಂದು ನಿಲ್ಲುವ ಕಾವಲುಗಾರನ ಚಿತ್ರ ನಮ್ಮ ಕಣ್ಣಲ್ಲಿ ಕೂತುಬಿಟ್ಟಿದೆ. 1815ರ ಜೂನ್ 18ರಂದು ಗಾರ್ಡ್ಸ್ ತೊಟ್ಟದ್ದು ಉಳಿದ ಕಾಲಾಳುಗಳಂತೆಯೇ ಕೊಳವೆಯಾಕಾರದ ಶಾಕೋ ಟೋಪಿ, ಅದರಲ್ಲೂ ಮುಂಭಾಗ ಎತ್ತರವಿದ್ದು 1812ರಲ್ಲಿ ಬಂದ ಮಾದರಿ. ಅಂದು ಫಸ್ಟ್ ಗಾರ್ಡ್ಸ್ ದಿಬ್ಬದ ಹಿಂದೆ ಮಲಗಿದ್ದು, ನೆಪೋಲಿಯನ್ನನ ಇಂಪೀರಿಯಲ್ ಗಾರ್ಡ್ ಹತ್ತಿರ ಬಂದಾಗ ಎದ್ದು ಗುಂಡು ಸುರಿಸಿ ಹಿಮ್ಮೆಟ್ಟಿಸಿದರು. ತಾವು ಸೋಲಿಸಿದ್ದು ಫ್ರೆಂಚ್ ಗ್ರೆನೇಡಿಯರ್‌ಗಳನ್ನು ಎಂಬ ನಂಬಿಕೆಯಿಂದ ಅವರಿಗೆ ಗ್ರೆನೇಡಿಯರ್ ಗಾರ್ಡ್ಸ್ ಎಂಬ ಹೆಸರು ಬಂತು, ಇಡೀ ರೆಜಿಮೆಂಟಿಗೆ ಕರಡಿ ಟೋಪಿ ಸಿಕ್ಕಿತು. ಎದುರಿಗಿದ್ದವರು ಗ್ರೆನೇಡಿಯರ್‌ಗಳಲ್ಲ, ಅದೇ ಇಂಪೀರಿಯಲ್ ಗಾರ್ಡಿನ ಚಸ್ಸೂರ್ ಎಂಬ ಇನ್ನೊಂದು ಬಗೆಯ ಕಾಲಾಳುಗಳ ಪಟಾಲಂಗಳು ಎಂದು ಇಂದು ಹೆಚ್ಚಿನ ಇತಿಹಾಸಕಾರರು ಹೇಳುತ್ತಾರೆ. ಹೆಸರು ಮಾತ್ರ ನಿಂತುಬಿಟ್ಟಿತು.

ವಾಟರ್‌ಲೂ ರಣರಂಗದಲ್ಲಿದ್ದ ಊಗೊಮೋನ್ ತೋಟದ ಮನೆಯ ದೃಶ್ಯ ಮಾಡುವವರು ಗಮನಿಸಿ: ಅಲ್ಲಿ ಮೊದಲು ನಿಂತವರು ಗಾರ್ಡ್ಸ್‌ನ ಲೈಟ್ ಕಂಪನಿಗಳು. ಒಳನುಗ್ಗಿದ ಫ್ರೆಂಚರ ಹಿಂದೆಯೇ ಹೆಬ್ಬಾಗಿಲನ್ನು ತಳ್ಳಿ ಮುಚ್ಚಿದವರಲ್ಲಿ ಕರ್ನಲ್ ಮ್ಯಾಕ್‌ಡೊನೆಲ್, ಕಾರ್ಪೊರಲ್ ಜೇಮ್ಸ್ ಗ್ರಹಾಂ ಇದ್ದರು. ಆದ್ದರಿಂದ ಆ ಬೊಂಬೆಗಳಿಗೆ ಹಸಿರು ತುರಾಯಿ, ಭುಜಕ್ಕೆ ರೆಕ್ಕೆ.

ಮೂರು ಗಾರ್ಡ್ಸ್ ರೆಜಿಮೆಂಟುಗಳನ್ನು ಬೊಂಬೆಯಲ್ಲಿ ಗುರುತಿಸುವುದು ಹೇಗೆ?

ಎದೆಯ ಗುಂಡಿ ಎಣಿಸಿ. ಫಸ್ಟ್ ಗಾರ್ಡ್ಸ್‌ಗೆ ಒಂದೊಂದಾಗಿ, ಕೋಲ್ಡ್‌ಸ್ಟ್ರೀಮ್‌ಗೆ ಎರಡೆರಡಾಗಿ, ಥರ್ಡ್ ಗಾರ್ಡ್ಸ್‌ಗೆ ಮೂರು ಮೂರಾಗಿ. ಮೂವರಿಗೂ ಕಾಲರ್, ಕಫ್ ನೀಲಿ. ಈ ಗುಂಡಿ ಪದ್ಧತಿ ಇಂದಿಗೂ ಹಾಗೇ ಇದೆ. 6 ಮಿ.ಮೀ. ಎತ್ತರದ ಬೊಂಬೆಯಾದರೆ ಇದರ ಚಿಂತೆಯೇ ಬೇಡ, ಕಣ್ಣಿಗೆ ಕಾಣುವುದಿಲ್ಲ.

ಹಸಿರು ಕೋಟಿನವರು ಯಾಕೆ ಬೇರೆ?

1800ರಲ್ಲಿ ಕೂಟ್ ಮ್ಯಾನಿಂಗ್‌ಹ್ಯಾಂ ಮತ್ತು ವಿಲಿಯಂ ಸ್ಟುವರ್ಟ್ ಎಂಬ ಅಧಿಕಾರಿಗಳು ಪ್ರಯೋಗಕ್ಕೆಂದು ಕಟ್ಟಿದ ಪಡೆ ಇದು. ಆಮೇಲೆ 95ನೇ ರೆಜಿಮೆಂಟ್ ಆಯಿತು. ಕೈಯಲ್ಲಿ ಬೇಕರ್ ರೈಫಲ್. ನಳಿಗೆಯೊಳಗೆ ಸುರುಳಿ ಗೆರೆಗಳಿದ್ದುದರಿಂದ ಗುಂಡು ತಿರುಗುತ್ತ ಹೋಗಿ ಗುರಿ ಮುಟ್ಟುತ್ತಿತ್ತು. ಮಸ್ಕೆಟ್ಟಿನಲ್ಲಿ ಪಳಗಿದವನು ನಿಮಿಷಕ್ಕೆ ಮೂರು ಸಲ ಹೊಡೆದರೆ ರೈಫಲ್‌ನವನಿಗೆ ಅಷ್ಟು ಆಗುತ್ತಿರಲಿಲ್ಲ, ಗುಂಡನ್ನು ನಳಿಗೆಗೆ ಬಿಗಿಯಾಗಿ ಇಳಿಸಬೇಕಿತ್ತು. ಆದರೆ ಅವನು ಹೊಡೆಯುತ್ತಿದ್ದುದು ಸಾಲಿಗಲ್ಲ, ಒಬ್ಬನಿಗೆ. 1809ರ ಜನವರಿಯಲ್ಲಿ ಸ್ಪೇನಿನ ಕಾಕಾಬೆಲೋಸ್ ಬಳಿ ಟಾಮ್ ಪ್ಲಂಕೆಟ್ ಎಂಬ ಸೈನಿಕ ದೂರದಿಂದ ಫ್ರೆಂಚ್ ಜನರಲ್ ಕೋಲ್ಬೆರ್‌ನನ್ನು ಕೆಡವಿದ್ದು ಈ ಬಂದೂಕಿನಿಂದಲೇ.

ಬಣ್ಣಕ್ಕೆ ಬಂದರೆ: ಗಾಢ ಹಸಿರು ಕೋಟು, ಕಪ್ಪು ಕಾಲರ್, ಕಪ್ಪು ಚರ್ಮದ ಪಟ್ಟಿಗಳು, ಎದೆಯಲ್ಲಿ ಮೂರು ಸಾಲು ಬಿಳಿಲೋಹದ ಗುಂಡಿ. ಬಾವುಟ ಇಲ್ಲ. ಡ್ರಮ್ ಬದಲು ಕಹಳೆ. ಕಾಲರ್ ಕೆಂಪಾದರೆ ಅದೇ ಕಾಲದ 60ನೇ ರೆಜಿಮೆಂಟಿನ 5ನೇ ಪಟಾಲಮ್ಮು, ಅದು 95ಕ್ಕಿಂತ ಹಳೆಯದು. ಸ್ಪೇನ್, ಪೋರ್ಚುಗಲ್‌ಗಳಲ್ಲಿ ನೆಪೋಲಿಯನ್ನನ ಸೈನ್ಯದ ವಿರುದ್ಧ ನಡೆದ ಪೆನಿನ್ಸುಲಾ ಯುದ್ಧದಲ್ಲಿ ಅವರೂ ಇಷ್ಟೇ ದುಡಿದರು. ಕಥೆಗಳಲ್ಲಿ ಹೆಸರು ಬಾರದೆ ಉಳಿದರು. ನಿಮ್ಮ ಪೆಟ್ಟಿಗೆಯಲ್ಲಿ ರೈಫಲ್ ಬೊಂಬೆಗಳು ಹೆಚ್ಚಿದ್ದರೆ ನಾಲ್ಕಕ್ಕಾದರೂ ಕೆಂಪು ಕಾಲರ್ ಹಚ್ಚಿ.

ಇವರೆಲ್ಲ ಯುರೋಪಿನವರು. ನಮ್ಮ ನೆಲಕ್ಕೆ ಏನು ಸಂಬಂಧ?

ಬಹಳ ಇದೆ. 1780ರ ಸೆಪ್ಟೆಂಬರ್ 10ರಂದು ಕಾಂಚೀಪುರದ ಬಳಿಯ ಪೊಲ್ಲಿಲೂರಿನಲ್ಲಿ ಹೈದರ್ ಮತ್ತು ಟಿಪ್ಪು ಸುತ್ತುಗಟ್ಟಿ ಮುಗಿಸಿದ ಕರ್ನಲ್ ಬೇಲಿಯ ಪಡೆಯಲ್ಲಿ 73ನೇ ಹೈಲ್ಯಾಂಡರ್ಸ್‌ನ ಎರಡೂ ಫ್ಲ್ಯಾಂಕ್ ಕಂಪನಿಗಳಿದ್ದವು. ಸೆರೆ ಸಿಕ್ಕವರಲ್ಲಿ ಡೇವಿಡ್ ಬೇರ್ಡ್ ಎಂಬ ಕ್ಯಾಪ್ಟನ್ನನೂ ಇದ್ದ. ಶ್ರೀರಂಗಪಟ್ಟಣದ ಸೆರೆಯಲ್ಲಿ ಮೂರು ವರ್ಷಕ್ಕೂ ಮೇಲೆ ಕಳೆದು 1784ರಲ್ಲಿ ಬಿಡುಗಡೆಯಾದ. ದರಿಯಾ ದೌಲತ್ ಅರಮನೆಯ ಗೋಡೆಯ ಮೇಲೆ ಈ ಕದನದ ದೊಡ್ಡ ಚಿತ್ರವಿದೆ: ನಡುವೆ ಚೌಕಾಕಾರದಲ್ಲಿ ಒತ್ತಿಕೊಂಡು ನಿಂತ ಕೆಂಪು ಕೋಟಿನವರು, ಪಲ್ಲಕ್ಕಿಯಲ್ಲಿ ಕರ್ನಲ್ ಬೇಲಿ. ಬೊಂಬೆ ಜೋಡಿಸುವವರು ಅದರ ಮುಂದೆ ಒಂದು ಗಂಟೆ ನಿಂತರೂ ನಷ್ಟವಿಲ್ಲ. ಸಾಲು, ಚೌಕ, ಸುತ್ತುವ ಕುದುರೆ ದಂಡು ಎಲ್ಲವನ್ನೂ ಗೆದ್ದವರ ಕಣ್ಣಿನಿಂದ ಬರೆದ ಚಿತ್ರವದು.

1791ರ ಮಾರ್ಚ್ 21ರ ರಾತ್ರಿ ಬೆಂಗಳೂರು ಕೋಟೆಗೆ ಕಾರ್ನ್‌ವಾಲಿಸ್‌ನ ಸೈನ್ಯ ಲಗ್ಗೆ ಹಾಕಿದಾಗಲೂ ಮುಂದೆ ಬಿಟ್ಟದ್ದು ಫ್ಲ್ಯಾಂಕ್ ಕಂಪನಿಗಳನ್ನೇ. ಕೋಟೆಯ ಅಧಿಕಾರಿಯಾದ ಕಿಲ್ಲೇದಾರ ಬಹಾದುರ್ ಖಾನ್ ಹೋರಾಡುತ್ತ ಅಲ್ಲೇ ಬಿದ್ದ. ಗೋಡೆ ಒಡೆದ ಜಾಗದಲ್ಲಿ ಇಂದು ಒಂದು ಕಲ್ಲುಫಲಕವಿದೆ, ಕೆ.ಆರ್. ಮಾರುಕಟ್ಟೆಯ ಗದ್ದಲದಲ್ಲಿ ಅದರ ಮುಂದೆ ನಿಂತು ಓದುವವರು ಕಡಿಮೆ.

ಕೊನೆಗೆ 1799ರ ಮೇ 4, ಶ್ರೀರಂಗಪಟ್ಟಣದ ಕೋಟೆಗೆ ಲಗ್ಗೆ. ಮಳೆ ಬಂದು ಕಾವೇರಿ ತುಂಬುವ ಮೊದಲೇ ಮುಗಿಸಬೇಕೆಂಬ ಅವಸರ ಬ್ರಿಟಿಷರಿಗೆ. ಮಧ್ಯಾಹ್ನ ಸುಮಾರು ಒಂದು ಗಂಟೆಗೆ, ಕಾವಲಿನವರು ಬಿಸಿಲಿಗೆ ಮರೆ ಹುಡುಕುವ ಹೊತ್ತಿನಲ್ಲಿ, ನಾಲ್ಕು ಸಾವಿರಕ್ಕೂ ಹೆಚ್ಚು ಜನ ಎರಡು ಸಾಲಾಗಿ ಹೊಳೆಗೆ ಇಳಿದರು. ಮುಂದಾಳು ಅದೇ ಬೇರ್ಡ್, ಈಗ ಜನರಲ್. ಎಡ ಸಾಲಿಗೆ ಡನ್‌ಲಪ್, ಬಲ ಸಾಲಿಗೆ ಶೆರ್‌ಬ್ರೂಕ್. ಪ್ರತಿ ಸಾಲಿನ ಮುಂದೆ ಒಬ್ಬ ಸಾರ್ಜೆಂಟ್, ಹನ್ನೆರಡು ಜನ. ಹೋದರೆ ಮರಳುವುದಿಲ್ಲ ಎಂದು ತಿಳಿದೇ ಮುಂದೆ ಬಂದ ಈ ತುಕಡಿಗೆ ಅವರ ಭಾಷೆಯಲ್ಲಿ ಫಾರ್ಲಾರ್ನ್ ಹೋಪ್ ಎಂಬ ಹೆಸರು. ಅವರ ಹಿಂದೆ ಒಬ್ಬ ಕಿರಿಯ ಅಧಿಕಾರಿ, ಇಪ್ಪತ್ತೈದು ಜನ. ಆಮೇಲೆ ಫ್ಲ್ಯಾಂಕ್ ಕಂಪನಿಗಳು. ಬೊಂಬಾಯಿ ಯುರೋಪಿಯನ್ ರೆಜಿಮೆಂಟಿನ ಸಾರ್ಜೆಂಟ್ ಗ್ರಹಾಂ ಒಡೆದ ಗೋಡೆಯ ಮೇಲೆ ಬಾವುಟ ನೆಟ್ಟ ಕ್ಷಣದಲ್ಲೇ ಗುಂಡು ತಗುಲಿ ಸತ್ತ. ಡನ್‌ಲಪ್ ಆರಂಭದಲ್ಲೇ ಕತ್ತಿಯೇಟಿನಿಂದ ಗಾಯಗೊಂಡ. ಆರ್ಥರ್ ವೆಲ್ಲೆಸ್ಲಿ, ಮುಂದೆ ವಾಟರ್‌ಲೂ ಗೆದ್ದವನು, ಆ ದಿನ ಬ್ರಿಟಿಷರು ತೋಡಿದ್ದ ಕಂದಕದಲ್ಲಿ ಮೀಸಲು ಪಡೆಯ ಜೊತೆಗಿದ್ದ. ಒಂದು ತಿಂಗಳ ಹಿಂದೆ, ಏಪ್ರಿಲ್ 5ರ ರಾತ್ರಿ, ಸುಲ್ತಾನ್‌ಪೇಟೆಯ ತೋಪಿನ ಕತ್ತಲಲ್ಲಿ ತನ್ನ 33ನೇ ರೆಜಿಮೆಂಟಿನೊಂದಿಗೆ ದಾರಿ ತಪ್ಪಿ ಹಿಮ್ಮೆಟ್ಟಿದ್ದ. ಆಯ್ದ ಆಳುಗಳಾದರೂ ಕತ್ತಲಿಗೂ ಗೊತ್ತಿಲ್ಲದ ನೆಲಕ್ಕೂ ಅಂಜಿಯೇ ಅಂಜುತ್ತಾರೆ. ವಾರ್‌ಗೇಮಿನ ನಿಯಮ ಬರೆಯುವವರು ಇದನ್ನು ಮರೆಯಬಾರದು.

73ನೇ ರೆಜಿಮೆಂಟ್ ಪೊಲ್ಲಿಲೂರಿನಲ್ಲೂ ಇತ್ತು, 1799ರಲ್ಲೂ ಇತ್ತು. ಒಂದೇ ಪಡೆಯೇ?

ಅಲ್ಲ. ಪೊಲ್ಲಿಲೂರಿನ 73ನೆಯದು ಮೆಕ್ಲಾಯ್ಡ್ ಹೈಲ್ಯಾಂಡರ್ಸ್. 1786ರಲ್ಲಿ ಅದಕ್ಕೆ 71 ಎಂಬ ಸಂಖ್ಯೆ ಬಂತು. 1799ರ 73ನೆಯದು ಅದೇ 1786ರಲ್ಲಿ 42ನೇ ರೆಜಿಮೆಂಟಿನ ಎರಡನೇ ಪಟಾಲಮನ್ನು ಬೇರ್ಪಡಿಸಿ ಮಾಡಿದ್ದು. ಈ ಎರಡನೇ ಪಡೆಗೂ ಕರ್ನಾಟಕದ ಹಳೆಯ ನಂಟಿದೆ: 1783ರಲ್ಲಿ ಟಿಪ್ಪು ಮಂಗಳೂರಿಗೆ ಮುತ್ತಿಗೆ ಹಾಕಿದಾಗ ಒಳಗೆ ತಿಂಗಳುಗಟ್ಟಲೆ ಹಸಿದು ನಿಂತವರು ಇವರು ಮತ್ತು ಬೊಂಬಾಯಿಯ 8ನೇ ಸಿಪಾಯಿ ಪಟಾಲಮ್ಮು. ಆ ಸಿಪಾಯಿಗಳಿಗೆ ಅದರಿಂದಲೇ ಗ್ರೆನೇಡಿಯರ್ ಎಂಬ ಗೌರವ ಬಂತು. ಇಂದಿನ ಭಾರತೀಯ ಸೇನೆಯ ಗ್ರೆನೇಡಿಯರ್ಸ್ ರೆಜಿಮೆಂಟಿನ ಬೇರು ಅಲ್ಲಿದೆ.

1799ರ ಲಗ್ಗೆಗೆ ವಾಟರ್‌ಲೂ ಬೊಂಬೆ ಬಳಸಬಹುದೇ?

ಹಾಗೇ ಬಳಸಿದರೆ ತಪ್ಪಾಗುತ್ತದೆ. ಶಾಕೋ ಟೋಪಿ ಬ್ರಿಟಿಷ್ ಕಾಲಾಳುಗಳಿಗೆ ಬಂದದ್ದು 1800ರಲ್ಲಿ. ಅದಕ್ಕೆ ಮೊದಲು ಭಾರತದಲ್ಲಿ ಅವರು ಹೆಚ್ಚಾಗಿ ತೊಡುತ್ತಿದ್ದುದು ಸುತ್ತ ಅಂಚಿದ್ದ ಕಪ್ಪು ದುಂಡು ಟೋಪಿ. ಸಾರ್ಜೆಂಟ್, ಕಾರ್ಪೊರಲ್‌ಗಳ ತೋಳಿನ ಮೇಲಿನ ವಿ ಆಕಾರದ ಪಟ್ಟಿ ಶುರುವಾದದ್ದು 1802ರಲ್ಲಿ, ಅದನ್ನು ಚಾಕುವಿನಿಂದ ಕೆರೆದು ತೆಗೆಯಬೇಕು. ಬೆನ್ನ ಮೇಲೆ ಜಡೆ ಇರಬೇಕು. ಅದನ್ನು ಕತ್ತರಿಸಲು ಅಪ್ಪಣೆಯಾದದ್ದು 1808ರಲ್ಲಿ. ಹೈಲ್ಯಾಂಡ್ ರೆಜಿಮೆಂಟ್ ಎಂದು ಲಂಗದಂಥ ಕಿಲ್ಟ್ ತೊಡಿಸಬೇಡಿ, ಇಲ್ಲಿನ ಬಿಸಿಲಿಗೆ ಅವರು ಷರಾಯಿಗೆ ಬಂದಿದ್ದರು.

ನಾನು ಮಾಡುವ ದಾರಿ ಹೀಗೆ: ಪ್ಲಾಸ್ಟಿಕ್ ಬೊಂಬೆಯ ಮೈಯನ್ನು ಉಳಿಸಿಕೊಂಡು, ತಲೆಯನ್ನು ಕತ್ತರಿಸಿ, ಅಮೆರಿಕದ ಸ್ವಾತಂತ್ರ್ಯ ಯುದ್ಧದ ಬೊಂಬೆಗಳಲ್ಲಿ ಸಿಗುವ ದುಂಡು ಟೋಪಿಯ ತಲೆ ಅಂಟಿಸುವುದು. ಜಡೆ ಮತ್ತು ರೆಕ್ಕೆಗೆ ಎರಡು ಭಾಗ ಬೆರೆಸುವ ಎಪಾಕ್ಸಿ ಪುಟ್ಟಿ ಸಾಕು. ಒಂದು ಬೊಂಬೆಗೆ ಅರ್ಧ ಗಂಟೆ ಹಿಡಿಯುತ್ತದೆ. ಹನ್ನೆರಡು ಜನ ಮತ್ತು ಒಬ್ಬ ಸಾರ್ಜೆಂಟ್ ಆದರೆ ಒಂದು ಫಾರ್ಲಾರ್ನ್ ಹೋಪ್, ಒಬ್ಬ ಸೈನಿಕನಿಗೆ ಒಂದು ಬೊಂಬೆ ಎಂಬ ಲೆಕ್ಕದಲ್ಲಿ, ಪೂರ್ತಿಯಾಗುತ್ತದೆ. ಇಷ್ಟು ಚಿಕ್ಕ ಗುಂಪಿನಲ್ಲಿ ಇಷ್ಟು ದೊಡ್ಡ ಘಟನೆ ಬೇರೆಲ್ಲೂ ಸಿಗದು. ಹೊಸಬರು ಇಲ್ಲಿಂದಲೇ ಶುರು ಮಾಡಿ ಎಂದು ಹೇಳುತ್ತೇನೆ.

ಯಾವ ಅಳತೆ ಒಳ್ಳೆಯದು?

ಮುಖ, ಗುಂಡಿ, ಪಟ್ಟಿ ಎಲ್ಲ ಕಾಣಬೇಕಾದರೆ 28 ಮಿ.ಮೀ. ಪೆರ್ರಿ, ವಿಕ್ಟ್ರಿಕ್ಸ್, ವಾರ್‌ಲಾರ್ಡ್ ಕಂಪನಿಗಳ ಪ್ಲಾಸ್ಟಿಕ್ ಬೊಂಬೆಗಳು ಈ ಅಳತೆಯವು. ಕಡಿಮೆ ಖರ್ಚಿನಲ್ಲಿ ಹೆಚ್ಚು ಜನ ಬೇಕೆಂದರೆ ಏರ್‌ಫಿಕ್ಸ್, ಇಟಾಲೆರಿಯಂಥವರ 1/72, ಅಂದರೆ ನಿಜದ ಅಳತೆಯ ಎಪ್ಪತ್ತೆರಡರಲ್ಲಿ ಒಂದು ಪಾಲು. ಇಡೀ ಕದನ ಒಂದೇ ಮೇಜಿನಲ್ಲಿ ಕಾಣಬೇಕಾದರೆ 6 ಮಿ.ಮೀ. ಒಂದು ಅಳತೆ ಹಿಡಿದರೆ ಅದನ್ನೇ ಹಿಡಿಯಿರಿ.

ಒಂದು ಪಟಾಲಮಿಗೆ ಎಷ್ಟು ಬೊಂಬೆ?

ಇಪ್ಪತ್ತು ಜನಕ್ಕೆ ಒಂದು ಬೊಂಬೆ ಎಂಬ ಲೆಕ್ಕ ಹಿಡಿಯೋಣ. ಆರು ನೂರು ಜನರ ಸಾಮಾನ್ಯ ಪಟಾಲಮ್ಮಿಗೆ 30. ಬಲ ತುದಿಯ ಮೂರು ಗ್ರೆನೇಡಿಯರ್, ಎಡ ತುದಿಯ ಮೂರು ಲೈಟ್, ಉಳಿದ 24 ನಡುವಿನವರು. ವಾಟರ್‌ಲೂ ಗಾರ್ಡ್ಸ್ ಪಟಾಲಮ್ಮುಗಳಲ್ಲಿ ಸುಮಾರು ಸಾವಿರ ಜನರಿದ್ದರು, ಅವಕ್ಕೆ 50 ಬೇಕು. ಮೇಜಿನ ಮೇಲೆ ಅಕ್ಕಪಕ್ಕ ನಿಲ್ಲಿಸಿದಾಗ ಆ ಉದ್ದವೇ ಎದುರಾಳಿಗೆ ಅರ್ಧ ಮಾತು ಹೇಳುತ್ತದೆ. ಬ್ರಿಟಿಷರು ಎರಡೇ ಸಾಲು ಆಳದಲ್ಲಿ ನಿಲ್ಲುತ್ತಿದ್ದರು, ಎಲ್ಲರ ಬಂದೂಕಿಗೂ ಎದುರು ಕಾಣಲಿ ಎಂದು. ಮೂರು ಸಾಲು ಮಾಡಬೇಡಿ.

ಕೆಂಪು ಯಾವ ಕೆಂಪು?

ಎಲ್ಲರಿಗೂ ಒಂದೇ ಕೆಂಪು ಹಚ್ಚಿದರೆ ಸೈನ್ಯ ಅಂಗಡಿಯ ಆಟಿಕೆಯಂತೆ ಕಾಣುತ್ತದೆ. ಸಾಮಾನ್ಯ ಸೈನಿಕನ ಕೋಟು ಮಂಜಿಷ್ಠದ ಬೇರಿನ ಬಣ್ಣದ್ದು: ಮಂಕಾದ, ಇಟ್ಟಿಗೆಯತ್ತ ವಾಲಿದ ಕೆಂಪು. ಸಾರ್ಜೆಂಟಿಗೆ ಸ್ವಲ್ಪ ಒಳ್ಳೆಯ ಬಟ್ಟೆ. ಅಧಿಕಾರಿಯದು ಉಜ್ವಲ ಸ್ಕಾರ್ಲೆಟ್. ಬಿಸಿಲು ಮಳೆ ತಿಂದ ಕೋಟು ಇನ್ನೂ ಮಾಸುತ್ತದೆ.

ನಾನು ಮೊದಲು ಕಂದು ಬಣ್ಣದ ಪ್ರೈಮರ್, ಅಂದರೆ ತಳಬಣ್ಣ, ಹಾಕುತ್ತೇನೆ. ಕೆಂಪು ಬಣ್ಣ ತೆಳು, ಬಿಳಿಯ ಮೇಲೆ ಹಚ್ಚಿದರೆ ಗುಲಾಬಿಯಾಗುತ್ತದೆ, ಕಪ್ಪಿನ ಮೇಲೆ ಸತ್ತುಹೋಗುತ್ತದೆ. ಕಂದಿನ ಮೇಲೆ ಎರಡು ತೆಳು ಪದರ ಕೊಟ್ಟರೆ ಮೈಗೂಡುತ್ತದೆ. ಹೊಳಪು ತರಲು ಕೆಂಪಿಗೆ ಬಿಳಿ ಬೆರೆಸಬೇಡಿ, ಒಂದು ತೊಟ್ಟು ಕಿತ್ತಳೆ ಬೆರೆಸಿ. ಎದೆಯ ಮೇಲೆ ಅಡ್ಡ ಹಾದ ಬಿಳಿ ಪಟ್ಟಿಗಳನ್ನು ನೇರ ಬಿಳಿಯಲ್ಲಿ ಬರೆಯಬೇಡಿ. ಮೊದಲು ತಿಳಿ ಬೂದು, ಆಮೇಲೆ ನಡುವೆ ಮಾತ್ರ ಬಿಳಿ. ಅಂಚಿನಲ್ಲಿ ಕಪ್ಪು ಕಂದಿನ ಒಂದು ಕೂದಲೆಳೆ ಗೆರೆ ಉಳಿದರೆ ಮೂರಡಿ ದೂರದಿಂದಲೂ ಪಟ್ಟಿ ಎದ್ದು ಕಾಣುತ್ತದೆ.

ತುರಾಯಿ: ಗ್ರೆನೇಡಿಯರಿಗೆ ಬಿಳಿ, ಲೈಟ್ ಕಂಪನಿಗೆ ಹಸಿರು, ನಡುವಿನವರಿಗೆ ಮೇಲೆ ಬಿಳಿ ಕೆಳಗೆ ಕೆಂಪು. ಇದು ಶಾಕೋ ಕಾಲದ ಲೆಕ್ಕ. ಕಾಲರ್, ಕಫ್‌ಗಳ ಬಣ್ಣ ರೆಜಿಮೆಂಟಿಗೊಂದು: 12ನೆಯದಕ್ಕೆ ಹಳದಿ, 33ಕ್ಕೆ ಕೆಂಪು, 73ಕ್ಕೆ ಗಾಢ ಹಸಿರು, 74ಕ್ಕೆ ಬಿಳಿ. ನಾಲ್ಕೂ ಶ್ರೀರಂಗಪಟ್ಟಣದ ಮುಂದೆ ಇದ್ದವು.

ಆಟದ ನಿಯಮದಲ್ಲಿ ಆಯ್ದ ಪಡೆಗೆ ಎಷ್ಟು ಹೆಚ್ಚು ಬಲ ಕೊಡಬೇಕು?

ದಾಳಕ್ಕೆ ಒಂದು ಅಂಕ ಹೆಚ್ಚು ಕೊಟ್ಟು ಮುಗಿಸುವುದು ನನಗೆ ಒಪ್ಪಿಗೆಯಿಲ್ಲ. ಗ್ರೆನೇಡಿಯರನ ಕೈಯಲ್ಲಿದ್ದುದು ಪಕ್ಕದವನ ಕೈಯಲ್ಲಿದ್ದ ಮಸ್ಕೆಟ್ಟೇ. ನೂರು ಗಜ ದಾಟಿದರೆ ಅವನ ಗುಂಡೂ ಗಾಳಿಪಾಲು. ವ್ಯತ್ಯಾಸ ಇದ್ದದ್ದು ಅವನನ್ನು ಎಲ್ಲಿಗೆ ಕಳಿಸುತ್ತಿದ್ದರು, ಎಷ್ಟು ಹೊತ್ತು ನಿಲ್ಲುತ್ತಿದ್ದ ಎಂಬುದರಲ್ಲಿ. ಆದ್ದರಿಂದ ಧೈರ್ಯದ ಪರೀಕ್ಷೆಯಲ್ಲಿ ಅವರಿಗೆ ಅನುಕೂಲ ಕೊಡಿ, ಗುಂಡಿನ ಲೆಕ್ಕದಲ್ಲಿ ಬೇಡ. ಲೈಟ್ ಕಂಪನಿಗೆ ಚದುರಿ ಮರೆಯಲ್ಲಿ ಹೋರಾಡುವ ಅವಕಾಶ ಕೊಡಿ. ರೈಫಲ್‌ನವರಿಗೆ ಹೆಚ್ಚು ದೂರ, ಕಡಿಮೆ ವೇಗ.

ಇನ್ನೊಂದು ಮಾತು. ಸೇನಾಪತಿಗಳು ಹಲವು ಪಟಾಲಮ್ಮುಗಳ ಫ್ಲ್ಯಾಂಕ್ ಕಂಪನಿಗಳನ್ನು ಕಿತ್ತು ಒಂದೇ ಗುಂಪು ಮಾಡುತ್ತಿದ್ದರು. 1775ರ ಬಂಕರ್ ಹಿಲ್ಲಿನಲ್ಲೂ ಹಾಗೇ, ಶ್ರೀರಂಗಪಟ್ಟಣದಲ್ಲೂ ಹಾಗೇ. ಹಾಗೆ ಮಾಡಿದಾಗ ಹಿಂದೆ ಉಳಿದ ಪಟಾಲಮ್ಮು ತನ್ನ ಒಳ್ಳೆಯ ಆಳುಗಳನ್ನೆಲ್ಲ ಕಳೆದುಕೊಳ್ಳುತ್ತಿತ್ತು. ನಿಮ್ಮ ಆಟದಲ್ಲಿ ಆ ಬೆಲೆ ತೆರಬೇಕು: ತುದಿಯ ಆರು ಬೊಂಬೆ ಎತ್ತಿಕೊಂಡರೆ ಉಳಿದ 24ರ ಧೈರ್ಯ ಒಂದು ಮೆಟ್ಟಿಲು ಇಳಿಯಲಿ. ಈ ಒಂದು ನಿಯಮ ಸೇರಿಸಿದ ಮೇಲೆ ನಮ್ಮ ಮೇಜಿನ ಆಟವೇ ಬದಲಾಯಿತು, ಆಡುವವರು ಮೊದಲ ಸಲ ಗ್ರೆನೇಡಿಯರನ್ನು ಮುಟ್ಟುವ ಮುನ್ನ ಯೋಚಿಸತೊಡಗಿದರು.

ಮೈಸೂರಿನ ಕಡೆಯವರನ್ನು ಹೇಗೆ ಮಾಡುವುದು?

ಅಷ್ಟೇ ಶ್ರದ್ಧೆಯಿಂದ. ಟಿಪ್ಪುವಿನ ಕಾಯಂ ಕಾಲಾಳುಗಳಿಗೂ ಕವಾಯತು, ಮಸ್ಕೆಟ್, ಹುಲಿಪಟ್ಟೆಯ ಅಂಗಿ ಇದ್ದವು. ಪಟ್ಟೆಯನ್ನು ಉದ್ದ ಗೆರೆಯಾಗಿ ಎಳೆಯಬೇಡಿ. ನಡುವೆ ಉಬ್ಬಿ ಎರಡೂ ತುದಿಯಲ್ಲಿ ಚೂಪಾದ, ಚಿಕ್ಕ ಚಿಕ್ಕ ಗೀಟುಗಳು ಅವು. ಕಬ್ಬಿಣದ ಕೊಳವೆಯ ರಾಕೆಟ್ ಹೊತ್ತವರನ್ನು ಸೇರಿಸಿ: ತೆಳು ತಂತಿಗೆ ಬಿದಿರಿನ ಬಣ್ಣ, ತುದಿಗೆ ಒಂದು ಕೊಳವೆ, ಬಾಲಕ್ಕೆ ಹತ್ತಿಯ ಹೊಗೆ. ಎದುರಾಳಿಯನ್ನು ಬರೀ ಗುಂಪಾಗಿ ತೋರಿಸಿದರೆ, ಲಗ್ಗೆಗೆ ಆಯ್ದ ಆಳುಗಳೇ ಯಾಕೆ ಬೇಕಾಯಿತು ಎಂಬುದು ನೋಡುವವರಿಗೆ ತಿಳಿಯುವುದೇ ಇಲ್ಲ.

ನಮ್ಮ ಊರಿನ ಸೋಲನ್ನು ಆಟವಾಡುವುದು ಸರಿಯೇ?

ಮೈಸೂರಿನವರು ನನ್ನನ್ನು ಇದನ್ನು ಕೇಳಿದ್ದಾರೆ, ಕೇಳುವುದು ನ್ಯಾಯವೇ. ಲಗ್ಗೆಯ ಮರುಗಳಿಗೆಯಿಂದ ಪಟ್ಟಣದಲ್ಲಿ ನಡೆದ ಕೊಲೆ, ಲೂಟಿಯನ್ನು ನಾನು ಮೇಜಿಗೆ ತರುವುದಿಲ್ಲ. ನನ್ನ ಆಟ ಗೋಡೆಯ ಮೇಲೆ ಮುಗಿಯುತ್ತದೆ. ಆಟಕ್ಕೆ ಮುಂಚೆ ಎರಡೂ ಕಡೆ ಯಾರು ಇದ್ದರು, ಎಷ್ಟು ಜನ ಸತ್ತರು ಎಂದು ಮಕ್ಕಳಿಗೆ ಹೇಳುತ್ತೇನೆ. ದಸರೆಗೆ ಬೊಂಬೆ ಕೂರಿಸುವ ಮನೆಯಲ್ಲಿ ಬೆಳೆದ ಮಕ್ಕಳು ಸಾಲಾಗಿ ನಿಂತ ಬೊಂಬೆಗಳ ಹಿಂದಿನ ಕಥೆಯನ್ನು ಗಂಭೀರವಾಗಿಯೇ ಕೇಳುತ್ತಾರೆ.

ನೋಡಲೇಬೇಕಾದ ಜಾಗಗಳು?

ಶ್ರೀರಂಗಪಟ್ಟಣದಲ್ಲಿ ಕೋಟೆ ಒಡೆದ ಜಾಗ ಮತ್ತು ಅಲ್ಲಿನ ಸ್ಮಾರಕಸ್ತಂಭ, ದರಿಯಾ ದೌಲತ್, ಸ್ವಿಸ್ ಮೂಲದ ಡಿ ಮ್ಯೂರಾನ್ ರೆಜಿಮೆಂಟಿನವರ ಸಮಾಧಿಗಳಿರುವ ಗ್ಯಾರಿಸನ್ ಸ್ಮಶಾನ. ಮೇ ತಿಂಗಳಲ್ಲಿ ಹೋದರೆ ಹೊಳೆಯಲ್ಲಿ ಬಂಡೆಗಳು ಎದ್ದಿರುತ್ತವೆ, ದಾಟಿದ ದೂರ ಕಣ್ಣಿಗೆ ಸಿಗುತ್ತದೆ. ಲಂಡನ್ನಿಗೆ ಹೋಗುವ ಕನ್ನಡಿಗರು ಚೆಲ್ಸಿಯ ನ್ಯಾಷನಲ್ ಆರ್ಮಿ ಮ್ಯೂಸಿಯಂನಲ್ಲಿ ವಿಲಿಯಂ ಸೈಬೋರ್ನ್ ಮಾಡಿಸಿದ ವಾಟರ್‌ಲೂ ಮಾದರಿ ನೋಡಬೇಕು. 1838ರಲ್ಲಿ ಮೊದಲು ಪ್ರದರ್ಶನಕ್ಕೆ ಬಂದ ಅದರಲ್ಲಿ ಎಪ್ಪತ್ತು ಸಾವಿರಕ್ಕೂ ಹೆಚ್ಚು ಪುಟಾಣಿ ಲೋಹದ ಬೊಂಬೆಗಳಿವೆ.

ಮಳೆಗಾಲದಲ್ಲಿ ವಾರ್ನಿಶ್ ಮಂಜಾಗುತ್ತದೆ. ಏನು ಮಾಡಲಿ?

ಗಾಳಿಯಲ್ಲಿ ತೇವ ಹೆಚ್ಚಿದ್ದಾಗ ಸ್ಪ್ರೇ ಹೊಡೆಯಬೇಡಿ. ಒಂದು ಆಷಾಢದಲ್ಲಿ ಹದಿಮೂರು ಜನರ ನನ್ನ ಲಗ್ಗೆಯ ಗುಂಪು ಒಂದೇ ರಾತ್ರಿಯಲ್ಲಿ ಬೂದಿ ಬಳಿದಂತಾಯಿತು, ಎರಡು ತಿಂಗಳ ಕೆಲಸ. ಹೊಳಪಿನ ವಾರ್ನಿಶನ್ನು ಕುಂಚದಿಂದ ತೆಳ್ಳಗೆ ಹಚ್ಚಿದಾಗ ಮುಕ್ಕಾಲು ಮಂಜು ಕರಗಿತು. ಅದು ಪೂರ್ತಿ ಒಣಗಿದ ಮೇಲೆ ನೀರಿನಲ್ಲಿ ಕರಗುವ ಮ್ಯಾಟ್ ವಾರ್ನಿಶನ್ನು ಕುಂಚದಿಂದಲೇ ಕೊಟ್ಟೆ. ಸಾರ್ಜೆಂಟಿನ ಮುಖ ಮಾತ್ರ ಮತ್ತೆ ಬರೆಯಬೇಕಾಯಿತು. ಈಗ ಮೇ ಮುಗಿಯುವುದರೊಳಗೆ ಸ್ಪ್ರೇ ಕೆಲಸವೆಲ್ಲ ಮುಗಿಸಿಬಿಡುತ್ತೇನೆ.